ವಿಂಕ್ಸ್ ಗೆದ್ದದ್ದು ಆ ಎರಡು ಕಿಲೋದಿಂದಲೇ?

ಪ್ರಶ್ನೆ: ಆಸ್ಟ್ರೇಲಿಯಾದ ವಿಂಕ್ಸ್ ಸತತ 33 ರೇಸು ಗೆದ್ದಿದೆ, ಒಪ್ಪೋಣ. ಆದರೆ ಹೆಣ್ಣು ಕುದುರೆ ಅಂತ ಅದಕ್ಕೆ ಬೆನ್ನ ಮೇಲೆ ಹೊರುವ ತೂಕದಲ್ಲಿ ಎರಡು ಕಿಲೋ ರಿಯಾಯಿತಿ ಇತ್ತಲ್ಲ? ಗಂಡು ಕುದುರೆಗಳಷ್ಟೇ ತೂಕ ಹೊತ್ತಿದ್ದರೂ ಗೆಲ್ಲುತ್ತಿತ್ತೇ?

ಉತ್ತರ: ಮತ್ತೆ ಅದೇ ಎರಡು ಕಿಲೋ! ವಿಂಕ್ಸ್ ಹೆಸರು ಎತ್ತಿದರೆ ಸಾಕು, ಹಿಂದೆಯೇ ಈ ಪ್ರಶ್ನೆ ಬರುತ್ತದೆ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ರಿಯಾಯಿತಿ ಇತ್ತು, ಸುಳ್ಳಲ್ಲ. ವಯಸ್ಸು ನೋಡಿ ತೂಕ ಕೊಡುವ ರೇಸುಗಳಲ್ಲಿ ಆಸ್ಟ್ರೇಲಿಯಾದ ನಿಯಮವೇ ಹಾಗೆ. ಮೆಲ್ಬರ್ನ್‌ನ ಮೂನಿ ವ್ಯಾಲಿ ಮೈದಾನದ 2040 ಮೀಟರಿನ ಕಾಕ್ಸ್ ಪ್ಲೇಟ್ ರೇಸು ತೆಗೆದುಕೊಳ್ಳಿ. ಐದು ವರ್ಷ ತುಂಬಿದ ಗಂಡಿಗೆ 59 ಕಿಲೋ, ಹೆಣ್ಣಿಗೆ 57. ಬೀಜ ಒಡೆಸಿದ ಗಂಡಿಗೆ ಏನೂ ಬಿಡುವುದಿಲ್ಲ, ಅದಕ್ಕೂ 59. ವಿಂಕ್ಸ್ ಹಿಂದೆ ಏದುಸಿರು ಬಿಡುತ್ತ ಬಂದ ಹಾರ್ಟ್‌ನೆಲ್, ಹ್ಯೂಮಿಡಾರ್, ಹ್ಯಾಪಿ ಕ್ಲ್ಯಾಪರ್ ಎಲ್ಲವೂ ಬೀಜ ಒಡೆಸಿದವೇ. ‘ಗಂಡುಗಳ ಗತ್ತು’ ಎಂದೆಲ್ಲ ಬರೆಯುವವರು ಇದನ್ನೂ ಸ್ವಲ್ಪ ಗಮನಿಸಲಿ.

ಈಗ ಎರಡು ಕಿಲೋದ ಬೆಲೆ ಎಷ್ಟು? ಮೈಲಿಯ ಆಸುಪಾಸಿನ ರೇಸಿಗೆ ಹ್ಯಾಂಡಿಕ್ಯಾಪರುಗಳು, ಅಂದರೆ ಕುದುರೆಗಳಿಗೆ ತೂಕ ಗೊತ್ತುಮಾಡುವವರು, ಹಿಡಿಯುವ ಅಂದಾಜು ಒಂದು ಲೆಂಗ್ತಿಗೆ ಒಂದೂವರೆ ಕಿಲೋ. ಲೆಂಗ್ತ್ ಅಂದರೆ ಕುದುರೆಯ ಮೂಗಿನಿಂದ ಬಾಲದ ಬುಡದವರೆಗೆ, ಸುಮಾರು 2.4 ಮೀಟರು. ಹಾಗಾದರೆ ಎರಡು ಕಿಲೋ ಎಂದರೆ ಒಂದೂ ಕಾಲು ಲೆಂಗ್ತಿಗಿಂತ ತುಸು ಹೆಚ್ಚು. ದೂರ ಹೆಚ್ಚಿದಷ್ಟೂ ತೂಕ ಕಾಡುತ್ತದೆ, ಆದ್ದರಿಂದ ಧಾರಾಳವಾಗಿ ಎರಡು ಲೆಂಗ್ತ್ ಅಂತಲೇ ಇಟ್ಟುಕೊಳ್ಳಿ.

2016ರ ಕಾಕ್ಸ್ ಪ್ಲೇಟ್‌ನಲ್ಲಿ ವಿಂಕ್ಸ್ ಹಾರ್ಟ್‌ನೆಲ್‌ಗಿಂತ ಎಂಟು ಲೆಂಗ್ತ್ ಮುಂದಿತ್ತು. ಎರಡು ಕಳೆದರೂ ಆರು ಉಳಿಯಿತು. ಆ ಆರು ಎಲ್ಲಿಂದ ಬಂತು, ಯಾವ ರಿಯಾಯಿತಿಯಿಂದ?

ಅದೇ ರೇಸಿನಲ್ಲಿ ಮೂರನೆಯದಾಗಿ ಬಂದ ಯಾಂಕೀ ರೋಸ್ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ, ನನಗೆ ಬೇಸರ ಇರುವುದೇ ಅಲ್ಲಿ. ಅದೂ ಹೆಣ್ಣೇ, ಮೂರು ವರ್ಷದ್ದು, ಗ್ರೂಪ್ ಒನ್ ಎನ್ನುವ ಅತಿ ಮೇಲಿನ ದರ್ಜೆಯ ರೇಸು ಗೆದ್ದು ಬಂದದ್ದು. ಎಳೆ ವಯಸ್ಸಿನ ಲೆಕ್ಕದಲ್ಲಿ ಅದು ಹೊತ್ತದ್ದು ಬರೀ 47.5 ಕಿಲೋ. ಅಂದರೆ ವಿಂಕ್ಸ್ ತನಗೆ ಸಿಕ್ಕ ಎರಡು ಕಿಲೋ ಇಟ್ಟುಕೊಂಡು, ಇನ್ನೊಂದು ಹೆಣ್ಣಿಗೆ ಒಂಬತ್ತೂವರೆ ಕಿಲೋ ಬಿಟ್ಟುಕೊಟ್ಟು ಗೆದ್ದಿತು. ರಿಯಾಯಿತಿಯ ಮಾತು ಆಡುವುದಾದರೆ ಇದನ್ನೂ ಆಡಬೇಕು.

ಇನ್ನು, ಆ ಎರಡು ಕಿಲೋ ವಿಂಕ್ಸ್ ಒಂದಕ್ಕೇ ಕೊಟ್ಟ ಇನಾಮಲ್ಲ. ಗೇಟಿಗೆ ಬರುವ ಪ್ರತಿ ಹೆಣ್ಣು ಕುದುರೆಗೂ ಅದು ಸಿಗುತ್ತದೆ. ಹಾಗೆ ಸಿಕ್ಕ ಉಳಿದವೆಲ್ಲ ವಿಂಕ್ಸ್ ಹಾಗೆ ನಾಲ್ಕು ಕಾಕ್ಸ್ ಪ್ಲೇಟ್ ಯಾಕೆ ಗೆಲ್ಲಲಿಲ್ಲ? ಸನ್‌ಲೈನ್‌ನಂಥ ಘಟಾನುಘಟಿ ಗೆದ್ದದ್ದು ಎರಡು. 2017ರ ವಾರ್ವಿಕ್ ಸ್ಟೇಕ್ಸ್‌ನಲ್ಲಿ ಗೇಟು ತೆರೆದಾಗ ತಡವರಿಸಿ ಹಿಂದುಳಿದ ವಿಂಕ್ಸ್, ಕೂದಲೆಳೆಯಲ್ಲಿ ಹಿಡಿದದ್ದು ಫಾಕ್ಸ್‌ಪ್ಲೇಯನ್ನು. ಅದೂ ಹೆಣ್ಣು ಕುದುರೆಯೇ. ಇಬ್ಬರಿಗೂ ಹೆಣ್ಣಿನ ರಿಯಾಯಿತಿ ಇದ್ದ ಮೇಲೆ ಅದು ಇದ್ದೂ ಇಲ್ಲದ ಹಾಗೆ.

ನ್ಯಾಯವಾಗಿ ಒಂದು ಮಾತು ಬಿಟ್ಟುಕೊಡಬೇಕು. 2017ರ ಕಾಕ್ಸ್ ಪ್ಲೇಟ್‌ನಲ್ಲಿ ಹ್ಯೂಮಿಡಾರ್ ಮೇಲಿನ ಅಂತರ ಅರ್ಧ ಲೆಂಗ್ತ್ ಮಾತ್ರ. ಅಲ್ಲಿ ಎರಡು ಕಿಲೋ ಸಮ ಮಾಡಿದ್ದರೆ ಫಲಿತಾಂಶ ಬದಲಾಗುತ್ತಿತ್ತು ಎಂದರೆ ನಾನು ಜಗಳ ಆಡುವುದಿಲ್ಲ. ಆದರೆ ಅಂದು ವಿಂಕ್ಸ್ ಓಡಿದ್ದು 2 ನಿಮಿಷ 2.94 ಸೆಕೆಂಡಿನಲ್ಲಿ, ದಾಖಲೆ ಮುರಿದು. ಮೂವತ್ತಮೂರರಲ್ಲಿ ಇಂಥ ಒಂದೆರಡನ್ನು ಹೆಕ್ಕಿ ತೆಗೆದು ಉಳಿದದ್ದನ್ನೆಲ್ಲ ಅಳಿಸಿಹಾಕುವುದು ಯಾವ ಲೆಕ್ಕ?

ಹ್ಯಾಂಡಿಕ್ಯಾಪ್ ರೇಸುಗಳ ಮಾತೇ ಬೇರೆ. ಅಲ್ಲಿ ಹೆಣ್ಣು ಗಂಡು ಅಂತ ಮೊದಲೇ ಕಟ್ಟಿಟ್ಟ ಪಟ್ಟಿ ಇರುವುದಿಲ್ಲ. ಹಿಂದಿನ ಓಟ ನೋಡಿ, ಎಲ್ಲರೂ ಒಟ್ಟಿಗೆ ಗುರಿ ಮುಟ್ಟುವ ಹಾಗೆ ತೂಕ ಹೇರುವುದೇ ಹ್ಯಾಂಡಿಕ್ಯಾಪರ್ ಕೆಲಸ. ಅಂಥದೇ ರೇಸಾದ 2016ರ ಡಾಂಕಾಸ್ಟರ್ ಮೈಲ್‌ನಲ್ಲಿ ವಿಂಕ್ಸ್ ಮೇಲೆ ಹೇರಿದ್ದು 56.5 ಕಿಲೋ. ಗೆದ್ದದ್ದು ವಿಂಕ್ಸ್, ಎರಡನೆಯದು ಹ್ಯಾಪಿ ಕ್ಲ್ಯಾಪರ್.

ಅಂದ ಹಾಗೆ, ಆ ಎರಡು ಕಿಲೋ ನಿಜವಾಗಿ ಇರುವುದು ಎಲ್ಲಿ ಗೊತ್ತೇ? 57 ಎಂದರೆ ಜಾಕಿಯ ಮೈತೂಕ ಅಲ್ಲ. ಮೈ, ಬಟ್ಟೆ, ಬೂಟು, ಜೀನು, ಹೊಟ್ಟೆಪಟ್ಟಿ ಎಲ್ಲ ಸೇರಿ ತಕ್ಕಡಿ ತೋರಿಸಬೇಕಾದ ಅಂಕಿ. ಹೆಲ್ಮೆಟ್ಟು, ಚಾಟಿ, ಲಗಾಮು ಆ ಲೆಕ್ಕಕ್ಕಿಲ್ಲ. ಕಡಿಮೆ ಬಿದ್ದರೆ ಜೀನಿನ ಕೆಳಗಿನ ಬಟ್ಟೆಯ ಕಿಸೆಗಳಿಗೆ ಸೀಸದ ಪಟ್ಟಿ ತುರುಕುತ್ತಾರೆ. ಎಡಬಲ ಸಮ ಇರಬೇಕು, ಇಲ್ಲದಿದ್ದರೆ ಓಡುವಾಗ ಜೀನು ಒಂದು ಕಡೆ ಜಾರುತ್ತದೆ. ಜಾಕಿ ಕುದುರೆಯ ಲಯಕ್ಕೆ ಮೈ ತೂಗುತ್ತಾನೆ, ಸೀಸ ಕೂತಲ್ಲೇ ಕೂತಿರುತ್ತದೆ. ಅದಕ್ಕೇ ಅದನ್ನು ಸತ್ತ ತೂಕ ಎನ್ನುವುದು. ರೇಸು ಮುಗಿದ ಮೇಲೆ ಜಾಕಿ ಅದೇ ಸರಂಜಾಮು ಹೊತ್ತು ಮತ್ತೆ ತಕ್ಕಡಿ ಹತ್ತಬೇಕು. ಮಿತಿ ಮೀರಿ ಕಡಿಮೆ ಬಂತೋ, ಗೆಲುವೇ ಹೋಯಿತು. ಜಾಕಿ ಹಗುರವಾಗಿದ್ದಲ್ಲಿ ಹೆಣ್ಣು ಕುದುರೆಗೆ ಸಿಗುವ ರಿಯಾಯಿತಿ ಎಂದರೆ ಕಿಸೆಯಿಂದ ಹೊರಬಂದ ಕೆಲವು ಸೀಸದ ಪಟ್ಟಿ, ಅಷ್ಟೇ. ಐನೂರು ಕಿಲೋ ತೂಗುವ ಪ್ರಾಣಿಗೆ ಅದು ನೂರಕ್ಕೆ ಅರ್ಧವೂ ಅಲ್ಲ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ: ಒಂದೇ ಕುದುರೆ ಇಷ್ಟೊಂದು ದೂರಗಳಲ್ಲಿ ಗೆದ್ದದ್ದು ಹೇಗೆ? ಮೊದಲ ಓಟ 1100 ಮೀಟರು, ಗೆಲುವು. ಆಮೇಲೆ 1300, 1400, 1500, 1600, 2000, 2200. ಸಾಮಾನ್ಯವಾಗಿ 1300ರ ಕುದುರೆ 2000ಕ್ಕೆ ಬಂದರೆ ಕೊನೆಯ ಇನ್ನೂರು ಮೀಟರಿನಲ್ಲಿ ಕಾಲು ಸೋಲುತ್ತದೆ. 2000ದ ಕುದುರೆ 1300ಕ್ಕೆ ಇಳಿದರೆ ವೇಗ ಹತ್ತುವಷ್ಟರಲ್ಲಿ ರೇಸೇ ಮುಗಿದಿರುತ್ತದೆ. ಟ್ರೈನರ್ ಕ್ರಿಸ್ ವಾಲರ್ ಪ್ರತಿ ಋತುವಿನಲ್ಲೂ ಮೆಟ್ಟಿಲು ಹತ್ತಿಸಿದ ಹಾಗೆ ದೂರ ಏರಿಸಿದರು. 2016ರ ವಸಂತದಲ್ಲಿ 1400, ಆಮೇಲೆ 1600, ಆಮೇಲೆ 2000, ಕಡೆಗೆ 2040. ನಡುವೆ ಎರಡರಿಂದ ನಾಲ್ಕು ವಾರ ಬಿಡುವು. ನಾಗಾಲೋಟದಲ್ಲಿ ಕುದುರೆ ಒಂದು ಹೆಜ್ಜೆಗೆ ಒಂದೇ ಉಸಿರು ತೆಗೆಯುತ್ತದೆ, ಹೆಜ್ಜೆ ತಪ್ಪಿದರೆ ಉಸಿರೂ ತಪ್ಪುತ್ತದೆ. ಜಾಕಿ ಹ್ಯೂ ಬೋಮನ್ ಮೊದಲರ್ಧ ಹಿಂದೆಯೇ ಬಿಟ್ಟು ಆ ಲಯ ಕಾಯುತ್ತಿದ್ದರು. ತಿರುವಿನಲ್ಲಿ ಹೊರಬದಿಗೆ ತಂದು ಬಿಟ್ಟರೆ ಹೆಜ್ಜೆಗಳು ಚುರುಕಾಗುತ್ತಿದ್ದವು. ಉದ್ದ ಹೆಜ್ಜೆಯ ಕುದುರೆಗಳಿಗೆ ಅಷ್ಟು ಬೇಗ ಗೇರು ಬದಲಿಸಲು ಆಗುವುದಿಲ್ಲ.

ಮಿತಿಯೂ ಇತ್ತು. ಮೆಲ್ಬರ್ನ್ ಕಪ್‌ನ 3200 ಮೀಟರಿಗೆ ಅದನ್ನು ಯಾವತ್ತೂ ಇಳಿಸಲಿಲ್ಲ. 2400ರಲ್ಲಿ ಓಡಿದ್ದು ಒಮ್ಮೆ, 2015ರ ಏಪ್ರಿಲ್‌ನ ಆಸ್ಟ್ರೇಲಿಯನ್ ಓಕ್ಸ್‌ನಲ್ಲಿ. ಅದರ ಕೊನೆಯ ಸೋಲು ಅದೇ. ಅದೇ ವರ್ಷದ ಮೇ 16ರಂದು ಸನ್‌ಶೈನ್ ಕೋಸ್ಟ್‌ನಲ್ಲಿ ಶುರುವಾದ ಗೆಲುವಿನ ಸಾಲು 2019ರ ಏಪ್ರಿಲ್ 13ಕ್ಕೆ ನಿವೃತ್ತಿಯ ರೇಸಿನವರೆಗೂ ಮುರಿಯಲಿಲ್ಲ. ಓಕ್ಸ್‌ನಲ್ಲಿ ಅದನ್ನು ಸೋಲಿಸಿದ್ದು ಗಸ್ಟ್ ಆಫ್ ವಿಂಡ್. ಹೆಣ್ಣು ಮರಿಗಳದ್ದೇ ರೇಸು ಅದು, ಎಲ್ಲರ ಬೆನ್ನ ಮೇಲೂ ಒಂದೇ ತೂಕ.