ಗಟ್ಟಿತನ ಅಂದರೆ ಅಡ್ಡಗಾಲು

ಎಂಜಿನ್ ಆಯಿಲ್ ಡಬ್ಬದ ಮೇಲೆ ನ್ಯಾನೊ. ಕಾರಿನ ಮೈಗೆ ಬಳಿಯುವ ಪಾಲಿಶ್ ಮೇಲೆ ನ್ಯಾನೊ. ಬಾಣಲೆ, ಬಣ್ಣ, ಸಿಮೆಂಟು, ಈಗ ಎಲ್ಲದಕ್ಕೂ ನ್ಯಾನೊ. ಮಾರುವವರ ಮಾತು ಕೇಳಿದರೆ ಇದು ಮಂತ್ರಿಸಿ ಕೊಟ್ಟ ಭಸ್ಮ ಅನ್ನಿಸಬೇಕು. ಒಂದು ಚಿಟಿಕೆ ಬೆರೆಸಿದರೆ ಸಾಕಂತೆ, ಎಂಥ ವಸ್ತುವೂ ಸವೆಯುವುದಿಲ್ಲ, ಮುರಿಯುವುದಿಲ್ಲ. ಇನ್ನೊಂದು ಕಡೆ ವಾಟ್ಸಾಪಿನ ವಿದ್ವಾಂಸರು. ನ್ಯಾನೊ ತಂತ್ರಜ್ಞಾನ ನಮ್ಮ ಹಿರಿಯರಿಗೆ ಸಾವಿರಾರು ವರ್ಷದ ಹಿಂದೆಯೇ ಗೊತ್ತಿತ್ತು ಅನ್ನುವುದು ಇವರ ವಾದ. ಎರಡರಲ್ಲೂ ಚೂರು ನಿಜ ಇದೆ. ಪೂರ್ತಿ ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು.

ನ್ಯಾನೊ ಅಂದರೆ ನ್ಯಾನೊಮೀಟರ್ ಲೆಕ್ಕದ್ದು; ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೊಮೀಟರ್. ವಸ್ತುಗಳಿಗೆ ಬಲ ಕೊಡುವ ನ್ಯಾನೊ ಕಣಗಳನ್ನು ಕಾರ್ಖಾನೆಗಳು ನೂರು ವರ್ಷಕ್ಕೂ ಹಿಂದಿನಿಂದ ಬಳಸುತ್ತಿವೆ. ಆದರೆ ಲೋಹಗಳಿಗೆ ಮೊದಲಿಗೆ ಅವನ್ನು ಪುಡಿಯಾಗಿ ತಂದು ಸುರಿಯಲಿಲ್ಲ. ಲೋಹದ ಹೊಟ್ಟೆಯೊಳಗೇ ಬೆಳೆಸಿದರು. ಅದೂ ಏನು ಬೆಳೆಯುತ್ತಿದೆ ಅಂತ ಗೊತ್ತಿಲ್ಲದೆ.

1906ರ ಹೊತ್ತಿಗೆ ಬರ್ಲಿನ್ ಹತ್ತಿರದ ಒಂದು ಪ್ರಯೋಗಶಾಲೆಯಲ್ಲಿ ಆಲ್ಫ್ರೆಡ್ ವಿಲ್ಮ್ ಎಂಬ ಲೋಹತಜ್ಞ ಅಲ್ಯೂಮಿನಿಯಂ ಹಿಂದೆ ಬಿದ್ದಿದ್ದ. ಜರ್ಮನ್ ಸೇನೆಗೆ ತೋಟಾ ಮಾಡಲು ಹಿತ್ತಾಳೆಗಿಂತ ಹಗುರವಾದದ್ದು ಬೇಕಿತ್ತು. ಅಲ್ಯೂಮಿನಿಯಂ ಹಗುರವೇನೋ ಸರಿ, ಆದರೆ ತೀರಾ ಮೆತ್ತಗೆ. ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದಲ್ಲ, ಇದನ್ನೂ ಹಾಗೇ ಮಾಡಿ ನೋಡೋಣ ಅಂದುಕೊಂಡ. ನೂರಕ್ಕೆ ನಾಲ್ಕು ಭಾಗ ತಾಮ್ರ, ಅರ್ಧ ಭಾಗ ಮೆಗ್ನೀಸಿಯಂ ಸೇರಿಸಿ, 500 ಡಿಗ್ರಿ ದಾಟಿಸಿ ಕಾಯಿಸಿ, ಥಟ್ಟನೆ ತಣಿಸಿದ. ಅದೊಂದು ಶನಿವಾರ. ಗಡಸುತನ ಅಳೆದರೆ ಅಂಥದ್ದೇನೂ ಇರಲಿಲ್ಲ. ಉಳಿದ ಅಳತೆ ಸೋಮವಾರ ಮಾಡಿದರಾಯಿತು ಅಂತ ಬಿಟ್ಟರು. ಸೋಮವಾರ ನೋಡಿದರೆ ಅದೇ ತುಂಡು ಬಹಳ ಗಟ್ಟಿಯಾಗಿತ್ತು. ಅಳೆಯುವ ಯಂತ್ರವೇ ಕೆಟ್ಟಿದೆಯಾ ಅನ್ನುವ ಅನುಮಾನ ಬಂತು. ಯಂತ್ರ ಸರಿಯಾಗೇ ಇತ್ತು. ಭಾನುವಾರ ರಜೆಯಲ್ಲಿ, ಯಾರೂ ಮುಟ್ಟದೆ, ಲೋಹ ತಾನೇ ಗಟ್ಟಿಯಾಗಿಬಿಟ್ಟಿತ್ತು.

ವಿಲ್ಮ್ ಸೂಕ್ಷ್ಮದರ್ಶಕದಲ್ಲಿ ಎಷ್ಟು ಇಣುಕಿದರೂ ಕಾರಣ ಕಾಣಲಿಲ್ಲ. ಕಾಣುವುದು ಸಾಧ್ಯವೂ ಇರಲಿಲ್ಲ. ಆ ಮಿಶ್ರಲೋಹ ಡ್ಯುರಾಲುಮಿನ್ ಅನ್ನುವ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಮೊದಲ ಮಹಾಯುದ್ಧದ ಜೆಪ್ಲಿನ್ ವಾಯುನೌಕೆಗಳಿಗೆ ಎಲುಬಾಯಿತು, ಆಮೇಲೆ ವಿಮಾನಗಳ ಮೈಯಾಯಿತು. ವಿಲ್ಮ್ ಮಾತ್ರ ಸಂಶೋಧನೆ ಬಿಟ್ಟು ಬೇಸಾಯಕ್ಕೆ ಇಳಿದ. 1937ರಲ್ಲಿ ತೀರಿಕೊಂಡ. ಮರುವರ್ಷವೇ ಫ್ರಾನ್ಸಿನಲ್ಲಿ ಗಿನಿಯೆ, ಬ್ರಿಟನ್ನಿನಲ್ಲಿ ಪ್ರೆಸ್ಟನ್, ಬೇರೆಬೇರೆಯಾಗಿ ಎಕ್ಸ್-ರೇ ಹಾಯಿಸಿ ಗುಟ್ಟು ಹಿಡಿದರು. ತಣಿಸಿದಾಗ ಅಲ್ಯೂಮಿನಿಯಂ ಒಳಗೆ ಸಿಕ್ಕಿಬಿದ್ದ ತಾಮ್ರದ ಪರಮಾಣುಗಳು ನಿಧಾನವಾಗಿ ಒಂದೊಂದು ಕಡೆ ಗುಂಪು ಸೇರುತ್ತವೆ. ಪುಟ್ಟ ಪುಟ್ಟ ಬಿಲ್ಲೆಗಳಾಗುತ್ತವೆ. ದಪ್ಪ ಒಂದೇ ಒಂದು ಪರಮಾಣುವಿನಷ್ಟು, ಅಗಲ ಹತ್ತು ನ್ಯಾನೊಮೀಟರ್ ಆಸುಪಾಸು. ಬೆಳಕಿನ ಅಲೆಯ ಉದ್ದವೇ ನಾನೂರು ನ್ಯಾನೊಮೀಟರಿಗಿಂತ ಜಾಸ್ತಿ. ಪಾಪ, ವಿಲ್ಮ್‌ಗೆ ಕಾಣುವುದು ಹೇಗೆ?

ಇದಕ್ಕಿಂತ ಮಜಾ ಇರುವ ಸಂಗತಿ ಇನ್ನೊಂದಿದೆ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಎಂಜಿನ್ ಕವಚ ಅಲ್ಯೂಮಿನಿಯಂ ಜೊತೆ ತಾಮ್ರ ಬೆರೆಸಿ ಎರಕ ಹೊಯ್ದದ್ದು. 1994ರಲ್ಲಿ ಅದರ ಚೂರೊಂದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲೂ ಇದೇ ನ್ಯಾನೊ ಬಿಲ್ಲೆಗಳು ಸಿಕ್ಕವು. ಅಂದರೆ ಮೊದಲ ವಿಮಾನವೇ ನ್ಯಾನೊ ಕಣಗಳನ್ನು ಹೊತ್ತು ಹಾರಿತ್ತು. ಆ ಕಾಲಕ್ಕೆ ವಿಲ್ಮ್‌ನ ಶನಿವಾರ ಇನ್ನೂ ಬಂದಿರಲಿಲ್ಲ.

ಸರಿ, ಪುಟಾಣಿ ಬಿಲ್ಲೆಗಳು ಲೋಹವನ್ನು ಗಟ್ಟಿ ಮಾಡುವುದು ಹೇಗೆ? ಬಿಲ್ಲೆ ಗಟ್ಟಿ, ಅದಕ್ಕೇ ಲೋಹವೂ ಗಟ್ಟಿ ಅಂತ ಬಹಳ ಜನ ಹೇಳಿಬಿಡುತ್ತಾರೆ. ತಪ್ಪು. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಲೋಹ ಇಷ್ಟೊಂದು ಮೆತ್ತಗೆ ಯಾಕಿದೆ? 1926ರಲ್ಲಿ ಫ್ರೆಂಕೆಲ್ ಎಂಬ ರಷ್ಯನ್ ವಿಜ್ಞಾನಿ ಲೆಕ್ಕ ಹಾಕಿದ. ಪರಮಾಣುಗಳ ಒಂದು ಪದರ ಇನ್ನೊಂದರ ಮೇಲೆ ಒಟ್ಟಿಗೇ ಜಾರಬೇಕಾದರೆ ಎಷ್ಟು ಬಲ ಬೇಕು? ಬಂದ ಉತ್ತರ, ನಿಜವಾದ ಶುದ್ಧ ಲೋಹದ ಬಲಕ್ಕಿಂತ ಸಾವಿರ ಪಟ್ಟು ಹೆಚ್ಚಿತ್ತು. ಲೆಕ್ಕ ಸರಿ, ಲೋಹ ಮಾತ್ರ ಬೇರೆ ದಾರಿ ಹಿಡಿಯುತ್ತಿತ್ತು. ಆ ದಾರಿ ಯಾವುದು ಅಂತ 1934ರಲ್ಲಿ ಟೇಲರ್, ಓರೊವಾನ್, ಪೊಲಾನಿ ಮೂವರೂ ಬೇರೆಬೇರೆಯಾಗಿ ಹೇಳಿದರು.

ಮದುವೆ ಛತ್ರದಲ್ಲಿ ಹಾಸಿದ ದೊಡ್ಡ ಜಮಖಾನವನ್ನು ಒಂದು ಅಡಿ ಪಕ್ಕಕ್ಕೆ ಸರಿಸಬೇಕು ಅಂದುಕೊಳ್ಳಿ. ಅಂಚು ಹಿಡಿದು ಎಳೆದರೆ ನಾಲ್ಕು ಜನಕ್ಕೂ ಆಗುವುದಿಲ್ಲ. ಒಂದು ತುದಿಯಲ್ಲಿ ಸಣ್ಣ ಸುಕ್ಕು ಎಬ್ಬಿಸಿ, ಆ ಸುಕ್ಕನ್ನು ಕಾಲಿಂದ ತಳ್ಳುತ್ತಾ ಆ ತುದಿಗೆ ಒಯ್ದರೆ ಒಬ್ಬನೇ ಸಾಕು. ಪರಮಾಣು ಪದರಗಳಲ್ಲೂ ಇಂಥ ಸುಕ್ಕುಗಳಿವೆ. ತಂತಿ ಬಾಗುವಾಗ, ತಗಡು ನೆಗ್ಗುವಾಗ ಓಡಾಡುವುದು ಇವೇ. ಈಗ ಜಮಖಾನದ ಮೇಲೆ ಮಕ್ಕಳನ್ನು ಕೂರಿಸಿ. ಸುಕ್ಕು ಮೊದಲ ಮಗುವಿನ ಹತ್ತಿರ ಬಂದು ನಿಂತಿತು. ಇಬ್ಬರ ನಡುವೆ ಜಾಗ ಧಾರಾಳವಾಗಿದ್ದರೆ ಸುಕ್ಕು ಉಬ್ಬಿ, ಬಳಸಿಕೊಂಡು ಮುಂದೆ ಹೋಗುತ್ತದೆ. ಮಕ್ಕಳು ಒತ್ತೊತ್ತಾಗಿ ಕೂತಿದ್ದರೆ ನುಸುಳಲು ಜಾಗವಿಲ್ಲ, ತಳ್ಳುವವನು ಬೆವರಬೇಕು. ಎಲ್ಲ ಮಕ್ಕಳನ್ನೂ ಒಂದೇ ಮೂಲೆಗೆ ಗುಂಪು ಹಾಕಿದಿರೋ, ಸುಕ್ಕು ಉಳಿದ ಕಡೆಯೆಲ್ಲ ಆರಾಮಾಗಿ ಓಡುತ್ತದೆ. ಮಕ್ಕಳ ಲೆಕ್ಕ ಅಷ್ಟೇ ಇದೆ, ಕೂತ ರೀತಿ ಮಾತ್ರ ಬೇರೆ.

ಇಡೀ ಕತೆಯ ತಿರುಳು ಇಲ್ಲಿದೆ. ಮುಖ್ಯವಾದದ್ದು ಕಣಗಳ ನಡುವಿನ ಅಂತರ. ಅಂತರ ಅರ್ಧವಾದರೆ, ಬಳಸಿ ದಾಟಲು ಬೇಕಾದ ಬಲ ಎರಡು ಪಟ್ಟು. ಅಷ್ಟೇ ತಾಮ್ರವನ್ನು ಹತ್ತನೇ ಒಂದರಷ್ಟು ಅಗಲದ ಕಣಗಳಾಗಿ ಒಡೆದರೆ ಕಣಗಳ ಸಂಖ್ಯೆ ಸಾವಿರ ಪಟ್ಟು ಏರುತ್ತದೆ, ನಡುವಿನ ಅಂತರ ಹತ್ತನೇ ಒಂದಕ್ಕೆ ಇಳಿಯುತ್ತದೆ. ಸಣ್ಣದಾಗುವುದರ ಲಾಭ ಇಷ್ಟೇ, ಮಂತ್ರ ಗಿಂತ್ರ ಏನಿಲ್ಲ. ಹಾಗಂತ ತೀರಾ ಸಣ್ಣದಾದರೂ ಕಷ್ಟ. ಸುಕ್ಕು ಆಗ ಬಳಸುವ ಗೋಜಿಗೇ ಹೋಗದೆ ಕಣವನ್ನು ಕತ್ತರಿಸಿಕೊಂಡು ನುಗ್ಗುತ್ತದೆ. ಹಾಗಾಗಿ ಎಷ್ಟು ಸಣ್ಣದೋ ಅಷ್ಟು ಒಳ್ಳೆಯದು ಅನ್ನುವ ಜಾಹೀರಾತಿನ ಮಾತು ಅರ್ಧ ಸತ್ಯ.

ಮಾತು ನಂಬಿಕೆ ಆಗದಿದ್ದರೆ ಕೈಯಲ್ಲೇ ನೋಡಬಹುದು. ಕಟ್ಟಡದ ಕಂಬಿ ಕಟ್ಟುವ ತಂತಿಯ ಒಂದು ತುಂಡು ತಗೊಳ್ಳಿ. ಒಂದೇ ಜಾಗದಲ್ಲಿ ಬಾಗಿಸಿ, ಮತ್ತೆ ನೆಟ್ಟಗೆ ಮಾಡಿ. ಸುಲಭಕ್ಕೆ ನೆಟ್ಟಗಾಗುವುದಿಲ್ಲ, ಬಾಗಿದ ಜಾಗ ಬಿಗಿದುಕೊಂಡು ಪಕ್ಕದಲ್ಲಿ ಬಾಗುತ್ತದೆ. ಇಲ್ಲಿ ಅಡ್ಡಗಾಲು ಹಾಕುತ್ತಿರುವುದು ಕಣಗಳಲ್ಲ. ಬಾಗಿಸಿದಾಗ ಹುಟ್ಟಿದ ಹೊಸ ಸುಕ್ಕುಗಳೇ ಒಂದಕ್ಕೊಂದು ಸಿಕ್ಕಿಕೊಂಡಿವೆ. ಈ ಸುಕ್ಕುಗಳ ಓಡಾಟವನ್ನು ಕೇಂಬ್ರಿಜ್‌ನಲ್ಲಿ 1956ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಣ್ಣಾರೆ ಕಂಡರು, ತೆಳ್ಳನೆಯ ಅಲ್ಯೂಮಿನಿಯಂ ಹಾಳೆಯಲ್ಲಿ.

ವಿಲ್ಮ್ ಕಂಡದ್ದು ವಿಮಾನ ಕಾರ್ಖಾನೆಗಳಲ್ಲಿ ನಿತ್ಯದ ಕೆಲಸವಾಯಿತು. ತಗಡು ಜೋಡಿಸುವ ಕೆಲವು ಅಲ್ಯೂಮಿನಿಯಂ ರಿವೆಟ್‌ಗಳನ್ನು ಕಾಯಿಸಿ ತಣಿಸಿದ ಕೂಡಲೇ ಫ್ರೀಜರ್‌ನಲ್ಲಿ ಇಡುತ್ತಾರೆ. ಚಳಿಗೆ ತಾಮ್ರದ ಪರಮಾಣುಗಳು ಕದಲುವುದಿಲ್ಲ, ರಿವೆಟ್ ಮೆತ್ತಗೇ ಇರುತ್ತದೆ. ಹೊರಗೆ ತೆಗೆದ ಮೇಲೆ ಬೇಗ ಬೇಗ ಬಡಿಯಬೇಕು. ಬಡಿದಾದ ಮೇಲೆ ಅದು ವಿಮಾನದ ಮೈಯಲ್ಲಿ ಕೂತಲ್ಲೇ ಗಟ್ಟಿಯಾಗುತ್ತದೆ. ಹಾಗೆಯೇ ಬಿಸಿ ಜಾಸ್ತಿಯಾದರೆ ಕೆಲಸ ಕೆಡುತ್ತದೆ. ಸಣ್ಣ ಕಣಗಳು ಕರಗಿ ದೊಡ್ಡವು ಕೊಬ್ಬುತ್ತವೆ, ನಡುವೆ ಜಾಗ ಬಿಡುತ್ತದೆ, ಲೋಹ ಮತ್ತೆ ಮೆತ್ತಗೆ. ಕಾಂಕಾರ್ಡ್ ವಿಮಾನ ಶಬ್ದದ ವೇಗದ ಎರಡು ಪಟ್ಟಿನ ಹತ್ತಿರ ನಿಂತದ್ದಕ್ಕೆ ದೊಡ್ಡ ಕಾರಣ ಅದರ ಅಲ್ಯೂಮಿನಿಯಂ ಮೈ ತಾಳುವ ಬಿಸಿ.

ಸವೆತದ ವಿಷಯಕ್ಕೆ ಬರೋಣ. ಎರಡು ಲೋಹಗಳು ಉಜ್ಜಿದಾಗ ಎಷ್ಟು ಸವೆಯುತ್ತದೆ ಅನ್ನುವುದಕ್ಕೆ 1953ರಲ್ಲಿ ಆರ್ಚರ್ಡ್ ಕೊಟ್ಟ ಸೂತ್ರ ಇಂದಿಗೂ ಓಡುತ್ತಿದೆ: ಭಾರ ಹೆಚ್ಚಿದರೆ ಸವೆತ ಹೆಚ್ಚು, ಗಡಸು ಹೆಚ್ಚಿದರೆ ಸವೆತ ಕಡಿಮೆ. ಅಂದರೆ ಲೋಹದಲ್ಲಿ ಮೇಲಿನ ಅಡ್ಡಗಾಲಿನ ಕತೆಯೇ ಇಲ್ಲೂ ನಡೆಯುತ್ತದೆ. ರಬ್ಬರಿನಲ್ಲಿ ನಡೆಯುವುದಿಲ್ಲ, ಅಲ್ಲಿ ಸುಕ್ಕುಗಳೇ ಇಲ್ಲ.

ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ನ್ಯಾನೊ ವಸ್ತುಗಳಲ್ಲಿ ಒಂದು ಇರುವುದು ರಬ್ಬರಿನಲ್ಲೇ. ನಿಮ್ಮ ಸ್ಕೂಟರ್ ಟೈರು ಕಪ್ಪಗಿದೆಯಲ್ಲ, ಅದೇ. ಮಸಿ. ಮೊದಲ ಟೈರುಗಳು ಬಿಳಿಚಿಕೊಂಡಿದ್ದವು. ಮಿಶೆಲಿನ್ ಕಂಪನಿಯ ಜಾಹೀರಾತಿನಲ್ಲಿ 1898ರಲ್ಲಿ ಹುಟ್ಟಿದ ಟೈರು ಮನುಷ್ಯ ಇವತ್ತಿಗೂ ಬೆಳ್ಳಗಿರುವುದು ಅದಕ್ಕೇ. 1910ರ ದಶಕದಲ್ಲಿ ಟೈರಿಗೆ ಮಸಿ ಸೇರಿಸತೊಡಗಿದ ಮೇಲೆ ಬಾಳಿಕೆ ಹಲವು ಪಟ್ಟು ಏರಿತು. ಟೈರಿನ ಮಸಿ ಕಣ 20ರಿಂದ 30 ನ್ಯಾನೊಮೀಟರ್ ಗಾತ್ರದ್ದು. ಒಂದು ಗ್ರಾಂ ಮಸಿಯ ಎಲ್ಲ ಕಣಗಳ ಮೇಲ್ಮೈ ಕೂಡಿಸಿದರೆ ನೂರು ಚದರ ಮೀಟರಿನಷ್ಟು, ಹೆಚ್ಚುಕಮ್ಮಿ ಒಂದು 30–40 ಸೈಟು. ಅಷ್ಟು ಜಾಗದಲ್ಲೂ ರಬ್ಬರಿನ ಉದ್ದನೆ ಎಳೆಗಳು ಅಂಟಿಕೊಳ್ಳುತ್ತವೆ. ರಸ್ತೆ ಕೆರೆದಾಗ ಒಂದು ಎಳೆಗೆ ಬಿದ್ದ ಜಗ್ಗು ಮಸಿಯ ಮೂಲಕ ಅಕ್ಕಪಕ್ಕದ ಎಳೆಗಳಿಗೂ ಹಂಚಿಹೋಗುತ್ತದೆ. ಒಂಟಿ ಎಳೆ ಹರಿಯುವುದು ತಪ್ಪುತ್ತದೆ.

ಮಸಿ ಬೆರೆಸಿದ್ದು ಪುಡಿಯಾಗಿಯೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಅದಕ್ಕೇ ಟೈರು ಕಾರ್ಖಾನೆಗಳಲ್ಲಿ ರಬ್ಬರ್ ನಾದುವ ಯಂತ್ರಗಳು ಅಷ್ಟು ದೈತ್ಯವಾಗಿರುವುದು. ನ್ಯಾನೊ ಪುಡಿಯ ದೊಡ್ಡ ಶತ್ರು ಅದೇ ನ್ಯಾನೊ ಪುಡಿ. ಕಣಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಗಂಟು ಬಿದ್ದರೆ ಬಲದ ಮಾತಿರಲಿ, ಬಿರುಕು ಶುರುವಾಗುವುದೇ ಆ ಗಂಟಿನಿಂದ. 1991ರಲ್ಲಿ ಜಪಾನಿನ ಇಜಿಮಾ ಕಾರ್ಬನ್ ನ್ಯಾನೊಕೊಳವೆಗಳ, ಅಂದರೆ ಇಂಗಾಲದ ಪರಮಾಣುಗಳೇ ಹೆಣೆದುಕೊಂಡ ಕೊಳವೆಗಳ, ಬಗ್ಗೆ ಬರೆದಾಗ ಎಷ್ಟು ಸಂಭ್ರಮ! ಒಂಟಿ ಕೊಳವೆ ಉಕ್ಕನ್ನು ನಾಚಿಸುತ್ತದೆ, ನಿಜ. ಆದರೆ ಕೊಳವೆಗಳು ಕಟ್ಟುಕಟ್ಟಾಗಿ ಅಂಟಿಕೊಂಡಿರುತ್ತವೆ. ಬಿಡಿಸಿ ಬೆರೆಸಿದರೂ ಸುತ್ತಲಿನ ಪ್ಲಾಸ್ಟಿಕ್ಕನ್ನು ಬಿಗಿಯಾಗಿ ಹಿಡಿಯದೆ ಜಾರುತ್ತವೆ. ನ್ಯಾನೊ ಡಬ್ಬ ಮಾರುವವರನ್ನು ಕೇಳಬೇಕಾದ್ದು ಒಂದೇ: ಗಂಟು ಕಟ್ಟದ ಹಾಗೆ ಏನು ಮಾಡಿದ್ದೀರಿ? ಬಾಟಲಿ ಚೆನ್ನಾಗಿ ಕುಲುಕಿ ಅನ್ನುವುದು ಉತ್ತರವಲ್ಲ.

ಈ ಗಂಟನ್ನು ಜಾಣತನದಿಂದ ಬಿಡಿಸಿದವರು ಟೊಯೋಟಾ ಸಂಶೋಧಕರು, 1980ರ ದಶಕದಲ್ಲಿ. ಒಂದು ಬಗೆಯ ಜೇಡಿಮಣ್ಣು ನ್ಯಾನೊಮೀಟರ್ ದಪ್ಪದ ಹಾಳೆಗಳನ್ನು ಪೇರಿಸಿಟ್ಟ ಹಾಗಿರುತ್ತದೆ. ಆ ಹಾಳೆಗಳ ಸಂದಿಗೆ ನೈಲಾನಿನ ಕಚ್ಚಾವಸ್ತು ನುಗ್ಗಿಸಿ, ಅಲ್ಲೇ ನೈಲಾನ್ ಬೆಳೆಯುವಂತೆ ಮಾಡಿದರು. ಬೆಳೆಯುತ್ತಾ ಅದು ಹಾಳೆಗಳನ್ನು ಬಿಡಿಬಿಡಿಯಾಗಿ ತಳ್ಳಿತು. ತೂಕದಲ್ಲಿ ನೂರಕ್ಕೆ ನಾಲ್ಕರಷ್ಟು ಮಣ್ಣಿಗೆ ನೈಲಾನಿನ ಬಿಗುವು ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಕಾರಿನ ಟೈಮಿಂಗ್ ಬೆಲ್ಟ್ ಮುಚ್ಚಳ ಮಾಡಿ ಮಾರಿಯೂ ಬಿಟ್ಟರು.

ಇನ್ನು ನಮ್ಮ ಹಿರಿಯರ ಕತೆ. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಪೌಫ್ಲರ್ ತಂಡ ಮೈಮೇಲೆ ಅಲೆಯಲೆಯ ಚಿತ್ತಾರವಿರುವ, 17ನೇ ಶತಮಾನದ ಒಂದು ಡಮಾಸ್ಕಸ್ ಕತ್ತಿಯಲ್ಲಿ ಕಾರ್ಬನ್ ನ್ಯಾನೊಕೊಳವೆಗಳನ್ನು ಕಂಡೆವು ಅಂತ ವರದಿ ಮಾಡಿತು. ಇಂಥ ಕತ್ತಿಗಳಿಗೆ ಬೇಕಾದ ಉಕ್ಕಿನ ಗಟ್ಟಿಗಳು ದಕ್ಷಿಣ ಭಾರತದಿಂದ ಹೋಗುತ್ತಿದ್ದವು. ಮೈಸೂರು ಸೀಮೆಯಲ್ಲೂ ಆ ಉಕ್ಕು ಮಾಡುತ್ತಿದ್ದರು. 1800ರಲ್ಲಿ ಇಲ್ಲಿ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿ ಇಟ್ಟು ಮುಚ್ಚಿ ಕಾಯಿಸುವುದನ್ನು ಬರೆದಿಟ್ಟಿದ್ದಾನೆ. ಆ ಕಮ್ಮಾರರ ಕೈಚಳಕಕ್ಕೆ ನನ್ನದು ದೊಡ್ಡ ನಮಸ್ಕಾರ. ಬೆಂಕಿಯ ಬಣ್ಣ ನೋಡಿಯೇ ಹದ ಹೇಳುತ್ತಿದ್ದವರು. ಅವರಿಗೆ ನ್ಯಾನೊ ಗೊತ್ತಿತ್ತು ಅನ್ನುವುದಾದರೆ ರೈಟ್ ಸಹೋದರರಿಗೂ ಗೊತ್ತಿತ್ತು ಅನ್ನಬೇಕಾಗುತ್ತದೆ. ಅಮೆರಿಕದ ವರ್ಹೋವನ್ ಎಂಬ ಲೋಹತಜ್ಞ, ಕತ್ತಿಯ ಆ ಅಲೆಯಲೆಯ ಚಿತ್ತಾರಕ್ಕೆ ಅದಿರಿನಲ್ಲಿದ್ದ ಒಂದಿಷ್ಟೇ ಇಷ್ಟು ವನೇಡಿಯಂ ಎಂಬ ಧಾತು ಕಾರಣ ಅಂತ ತೋರಿಸಿದ. ಅಂಥ ಅದಿರು ಸಿಗದೆ ಹೋದಾಗ ವಿದ್ಯೆಯೂ ಕೈತಪ್ಪಿತು ಅನ್ನುವುದು ಅವನ ಊಹೆ. ಕಾರಣ ತಿಳಿದಿದ್ದರೆ ಬೇರೆ ಅದಿರಿಗೆ ಅದನ್ನು ಸೇರಿಸಿಕೊಳ್ಳಬಹುದಿತ್ತು. ಸುಮ್ನೆ ಜಂಬ ಕೊಚ್ಚಿಕೊಳ್ಳುವವರು ಈ ಭಾಗವನ್ನು ಫಾರ್ವರ್ಡ್ ಮಾಡುವುದೇ ಇಲ್ಲ.

ಕಾರಣ ತಿಳಿದು ಮಾಡಿದರೆ ಹೇಗಿರುತ್ತದೆ ಅನ್ನುವುದಕ್ಕೆ ಭಾರತೀಯ ಮೂಲದ ಹರ್ಷದ್ ಭದೇಷಿಯಾ ಮತ್ತು ಸಂಗಡಿಗರು ಕೇಂಬ್ರಿಜ್‌ನಲ್ಲಿ ಮಾಡಿದ ಉಕ್ಕು ನೋಡಿ. ಒಂದು ಚಿಟಿಕೆ ನ್ಯಾನೊ ಪುಡಿಯೂ ಇಲ್ಲ. ಕಬ್ಬಿಣ, ಇಂಗಾಲ, ಸಿಲಿಕಾನ್, ಮತ್ತೆ ಕೆಲವು ಧಾತುಗಳು. ಯಾವುದು ಎಷ್ಟು ಅನ್ನುವುದನ್ನು ಲೆಕ್ಕ ಹಾಕಿಯೇ ಇಳಿದರು. ಮೊದಲು ಕೆಂಪಗೆ ಕಾಯಿಸಿ, ಆಮೇಲೆ ಬರೀ 200 ಡಿಗ್ರಿಯಲ್ಲಿ ಹತ್ತು ದಿನ ಇಟ್ಟರು. ಕಬ್ಬಿಣದ ಪರಮಾಣುಗಳು ಆ ಬಿಸಿಗೆ ದೂರ ಓಡಲಾರವು. ಹಾಗಾಗಿ ಒಳಗೆ ಹುಟ್ಟುವ ಹಾಳೆಗಳು 20ರಿಂದ 40 ನ್ಯಾನೊಮೀಟರ್ ದಪ್ಪಕ್ಕೇ ನಿಲ್ಲುತ್ತವೆ. ಸುಕ್ಕು ಎತ್ತ ಹೋದರೂ ಒಂದು ಗೋಡೆ. ಮನೆ ಕಟ್ಟಲು ಬಳಸುವ ಎಫ್‌ಇ 500 ಟಿಎಂಟಿ ಕಂಬಿಯ ಬಲಕ್ಕಿಂತ ಇದರದ್ದು ನಾಲ್ಕು ಪಟ್ಟು ಮೇಲೆ. ಹತ್ತು ದಿನ ಕುಲುಮೆ ಹಿಡಿದಿಡುವುದು ಯಾವ ಕಾರ್ಖಾನೆಗೂ ಕಟ್ಟುವುದಿಲ್ಲ. ಹಾಗಾಗಿ ಆಮೇಲೆ ಪಾಕ ಬದಲಿಸಿ, ಬಿಸಿ ಸ್ವಲ್ಪ ಏರಿಸಿ, ಗಂಟೆಗಳಲ್ಲಿ ಮುಗಿಯುವ ಹಾಗೆ ಮಾಡಿದರು. ಬ್ರಿಟನ್ನಿನಲ್ಲಿ ಇಂಥ ಉಕ್ಕಿನಿಂದ ಸೇನಾ ವಾಹನಗಳಿಗೆ ಕವಚ ಮಾಡುವಾಗ ಅದರ ತುಂಬ ಬೇಕೆಂದೇ ತೂತು ಕೊರೆದರು. ತೂತಿನ ಅಂಚಿಗೆ ತಾಗಿದ ಗುಂಡು ದಿಕ್ಕು ತಪ್ಪಿ ತಿರುಚಿಕೊಳ್ಳುತ್ತದೆ, ಕವಚದ ತೂಕವೂ ಇಳಿಯುತ್ತದೆ.