ಒಣಮರಕ್ಕೂ ಕಾನೂನಿನ ಕಾವಲು

1872ರಲ್ಲಿ ಅಮೆರಿಕ ಯೆಲ್ಲೋಸ್ಟೋನನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಗಡಿ ಬಿತ್ತು, ಕಾವಲೂ ಬಂತು. ಆದರೂ 1926ರ ಹೊತ್ತಿಗೆ ಅಲ್ಲಿ ತೋಳಗಳು ಉಳಿದಿರಲಿಲ್ಲ. ಕೊಂದವರಲ್ಲಿ ಉದ್ಯಾನದ ಸಿಬ್ಬಂದಿಯೇ ಇದ್ದರು! ಜನರ ವಿಹಾರಕ್ಕೆಂದು ಕಾದಿಟ್ಟ ಜಾಗ ಅದು. ತೋಳವನ್ನೂ ಉಳಿಸಿ ಎಂದು ಆ ಕಾನೂನು ಎಲ್ಲೂ ಹೇಳಿರಲಿಲ್ಲ. ಮತ್ತೆ ತೋಳಗಳನ್ನು ತಂದು ಬಿಟ್ಟದ್ದು 1995ರಲ್ಲಿ.

ಯುರೋಪಿಯನ್ ಒಕ್ಕೂಟ ಹಿಡಿದ ದಾರಿ ಬೇರೆ. 1979ರ ಪಕ್ಷಿ ನಿರ್ದೇಶನ, 1992ರ ಆವಾಸ ನಿರ್ದೇಶನ ಎಂಬ ಎರಡು ಕಾನೂನುಗಳಡಿ ಗುರುತಿಸಿದ ಜಾಗಗಳ ಜಾಲಕ್ಕೆ ನ್ಯಾಚುರಾ 2000 ಎಂದು ಹೆಸರು. ಒಕ್ಕೂಟದ ನೆಲದಲ್ಲಿ ಸುಮಾರು ಶೇ 18ರಷ್ಟು ಇದರೊಳಗಿದೆ. ಇಲ್ಲಿ 'ರಕ್ಷಿತ ಪ್ರದೇಶ' ಎಂದು ಫಲಕ ನೆಟ್ಟರೆ ಮುಗಿಯುವುದಿಲ್ಲ. ಯಾವ ಬಗೆಯ ಕಾಡಿಗಾಗಿ, ಯಾವ ಹಕ್ಕಿಗಾಗಿ, ಯಾವ ಜೀರುಂಡೆಗಾಗಿ ಈ ಗಡಿ ಎಂಬುದನ್ನು ಹೆಸರು ಹಿಡಿದು ದಾಖಲಿಸಬೇಕು. ನೀರಸ ಗುಮಾಸ್ತಗಿರಿಯಂತೆ ಕಾಣುವ ಈ ಪಟ್ಟಿಯಲ್ಲೇ ಕಾನೂನಿನ ಹಲ್ಲಿರುವುದು.

ಪೋಲೆಂಡಿನ ಬಿಯಾವೊವಿಯೆಜಾ ಕಾಡಿನಲ್ಲಿ ಇದು ಒರೆಗೆ ಬಂತು. ಅಲ್ಲಿನ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರಗಳಿಗೆ ತೊಗಟೆ ಕೊರೆಯುವ ಜೀರುಂಡೆ ಬಿದ್ದಿತ್ತು. 2016ರಲ್ಲಿ ಸರಕಾರ ಅಲ್ಲಿನ ಒಂದು ವಲಯದಲ್ಲಿ ಮರ ಕಡಿಯುವ ಮಿತಿಯನ್ನು ಸುಮಾರು ಮೂರು ಪಟ್ಟು ಏರಿಸಿತು. ಪಿಡುಗು ಹರಡದಂತೆ ಮರ ತೆಗೆಯುತ್ತೇವೆ ಎಂದಿತು. ಕೇಳಲು ನ್ಯಾಯವಾಗಿಯೇ ಇದೆ.

ಆದರೆ ಆ ಕಾಡಿನ ಪಟ್ಟಿಯಲ್ಲಿ ಮೂರು ಬೆರಳಿನ ಮರಕುಟಿಗವಿತ್ತು. ಸಾಯುತ್ತಿರುವ ಸ್ಪ್ರೂಸಿನ ತೊಗಟೆಯನ್ನು ಕಿತ್ತು, ಅಡಿಯಲ್ಲಿ ಬೆಳೆಯುವ ಅದೇ ಜೀರುಂಡೆಯ ಮರಿಹುಳುಗಳನ್ನು ಹೆಕ್ಕಿ ತಿನ್ನುವ ಹಕ್ಕಿ ಅದು. ಮರಕುಟಿಗಗಳು ಕೊರೆದು ಬಿಟ್ಟುಹೋದ ಪೊಟರೆಗಳಲ್ಲಿ ಪುಟ್ಟ ಗೂಬೆಗಳು ಮರಿ ಮಾಡುತ್ತವೆ. ಕೊಳೆತ ಮರವನ್ನೇ ನಂಬಿದ ಅಪರೂಪದ ಜೀರುಂಡೆಗಳೂ ಪಟ್ಟಿಯಲ್ಲಿದ್ದವು. ಅರಣ್ಯಾಧಿಕಾರಿಗೆ ಪಿಡುಗಾಗಿ ಕಂಡದ್ದು ಮರಕುಟಿಗಕ್ಕೆ ಊಟ. ತಮಾಷೆಯೆಂದರೆ, ಸತ್ತ ಮರಗಳನ್ನು ತೆಗೆಯುವುದೇ ಈ ಜೀವಿಗಳಿಗೆ ಅಪಾಯ ಎಂದು 2015ರ ಸರಕಾರಿ ನಿರ್ವಹಣಾ ಯೋಜನೆಯೇ ಬರೆದಿತ್ತು.

2017ರ ನವೆಂಬರಿನಲ್ಲಿ ಯುರೋಪಿಯನ್ ನ್ಯಾಯಾಲಯ, ಮರ ಕಡಿಯುವುದನ್ನು ನಿಲ್ಲಿಸದಿದ್ದರೆ ದಿನಕ್ಕೆ ಕನಿಷ್ಠ 1,00,000 ಯೂರೊ ದಂಡವೆಂದು ಎಚ್ಚರಿಸಿತು. 2018ರ ಏಪ್ರಿಲಿನಲ್ಲಿ ಪೋಲೆಂಡ್ ಕಾನೂನು ಮುರಿದಿದೆ ಎಂದು ತೀರ್ಪಿತ್ತಿತು. ಇದಕ್ಕೆ ತಳಪಾಯ ಹಾಕಿದ್ದು 2004ರ ಇನ್ನೊಂದು ತೀರ್ಪು. ನೆದರ್ಲೆಂಡ್ಸಿನ ವಾಡನ್ ಸಮುದ್ರದಲ್ಲಿ ಯಂತ್ರದಿಂದ ಚಿಪ್ಪುಜೀವಿ ಬಾಚುವ ಪ್ರಕರಣ ಅದು. ಆ ತೀರ್ಪಿನ ಪ್ರಕಾರ, ಹಾನಿಯಾಗುತ್ತದೆಂದು ವಿರೋಧಿಸುವವರು ಸಾಬೀತು ಮಾಡುತ್ತ ಕೂರಬೇಕಿಲ್ಲ. ಹಾನಿಯಾಗದು ಎಂಬುದರಲ್ಲಿ ವೈಜ್ಞಾನಿಕ ಅನುಮಾನ ಉಳಿದಿರಬಾರದು, ಆಗಷ್ಟೇ ಅನುಮತಿ.

ಈ ಕಾನೂನಿನಲ್ಲಿ ಕಿಂಡಿಯೂ ಇದೆ. ಬೇರೆ ದಾರಿಯೇ ಇಲ್ಲ, ಸಾರ್ವಜನಿಕ ಹಿತ ಅಷ್ಟು ದೊಡ್ಡದು ಎಂದಾದರೆ ಹಾನಿಗೂ ಒಪ್ಪಿಗೆ ಸಿಗುತ್ತದೆ. ಆಗ ಕಳೆದುಹೋದ ಆವಾಸಕ್ಕೆ ಬದಲಿ ಒದಗಿಸಬೇಕು. ಉಪ್ಪುನೀರಿನ ಜೌಗನ್ನು ಬೇರೆಡೆ ಮತ್ತೆ ಹುಟ್ಟಿಸಬಹುದೇನೋ. ಶತಮಾನ ಬಾಳಿ ನಿಂತಲ್ಲೇ ಒಣಗಿದ ಸ್ಪ್ರೂಸಿಗೆ ಬದಲಿಯಾಗಿ ಏನು ನೆಡುತ್ತಾರೋ ನನಗಂತೂ ಹೊಳೆಯದು.