ಎಲೆ ಉದುರಿದಾಗ ಅಮೃತಬಳ್ಳಿ ನೋಡಿ

ಮಾರ್ಚ್ ತಿಂಗಳಲ್ಲಿ ಸಂಡೂರಿನ ಗುಡ್ಡ ಹತ್ತಿದರೆ ದಿಂಡಿಗದ ಮರ ಬೋಳು, ಅದಕ್ಕೆ ಸುತ್ತಿಕೊಂಡ ಬಳ್ಳಿಯೂ ಬೋಳು. ಬಳ್ಳಾರಿ ಸೀಮೆಯ ಕಾಡು ಹೀಗೇ. ಮಳೆ ಕೆಲವೇ ತಿಂಗಳು. ಆಮೇಲೆ ಇದ್ದ ನೀರು ಆರಿಹೋಗದಿರಲಿ ಅಂತ ಗಿಡಮರಗಳು ಎಲೆ ಕಳಚುತ್ತವೆ.

ಅಮೃತಬಳ್ಳಿಯ ಗುರುತು ಕಲಿಯಲು ನನಗೆ ಇದೇ ಒಳ್ಳೆಯ ಕಾಲ ಅನ್ನಿಸುತ್ತದೆ. ಎಲೆ ಇದ್ದಾಗ ಕಣ್ಣು ಅಲ್ಲಿಗೇ ಹೋಗುತ್ತದೆ. ಹೃದಯದ ಆಕಾರ ಕಂಡರೆ ಸಾಕು, ಇದೇ ಅಂದುಬಿಡುತ್ತೇವೆ. ವೀಳ್ಯದೆಲೆಯೂ ಅದೇ ಆಕಾರ ಅಲ್ವಾ? ಎಲೆ ಇಲ್ಲದಾಗ ಕಾಂಡವನ್ನೇ ನೋಡಬೇಕು.

ಗಣಿಯ ಕೆಂಪು ಧೂಳು ಒರೆಸಿ, ಉಗುರಿನಿಂದ ಕೆರೆಯಿರಿ. ಕಾಗದದಂಥ ತೆಳು ಸಿಪ್ಪೆ ಸುಲಿದು ಬರುತ್ತದೆ. ಒಳಗೆ ಹಸಿರು. ಅಡ್ಡ ಕತ್ತರಿಸಿದರೆ ಬಂಡಿ ಗಾಲಿಯ ಅರಗಳಂತೆ ನಡುವಿನಿಂದ ಅಂಚಿಗೆ ಗೆರೆಗಳು. ನೀರು ಸಾಗಿಸುವ ಗಟ್ಟಿ ಕೊಳವೆಗಳ ಕಟ್ಟುಗಳು ಬೇರೆಬೇರೆಯಾಗಿ ನಿಂತಿರುತ್ತವೆ, ನಡುನಡುವೆ ಮೆತ್ತನೆಯ ಭಾಗ. ಹಾಗಾಗಿ ಗಾಳಿಗೆ ಮರ ತೂಗಿದಾಗ ಬಳ್ಳಿ ತಿರುಚಿಕೊಳ್ಳುತ್ತದೆ, ಸೀಳುವುದಿಲ್ಲ. ಈ ಕಾಂಡದಲ್ಲೇ ಪಿಷ್ಟವೂ ಇರುತ್ತದೆ. ಅಂಗಡಿಯಲ್ಲಿ ಸಿಗುವ ಅಮೃತಬಳ್ಳಿ ಸತ್ವ ಅಂದರೆ ಅದೇ.

ಇಷ್ಟು ಕೂಲಂಕಷವಾಗಿ ನೋಡಬೇಕಾ? ಬೇಕು. ಕೊರೋನಾ ಕಾಲದಲ್ಲಿ ಜನ ಸಿಕ್ಕ ಬಳ್ಳಿಯನ್ನೆಲ್ಲ ಕಷಾಯ ಮಾಡಿ ಕುಡಿದರು. ಅಮೃತಬಳ್ಳಿಯ ವೈಜ್ಞಾನಿಕ ಹೆಸರು ಟಿನೊಸ್ಪೊರ ಕಾರ್ಡಿಫೋಲಿಯ. ಅದರದೇ ಕುಲದ ಟಿನೊಸ್ಪೊರ ಕ್ರಿಸ್ಪ ನೋಡಲು ಹಾಗೇ ಇದ್ದರೂ ದೇಹಕ್ಕೆ ತೊಂದರೆ ಮಾಡಬಹುದು. ಎರಡನ್ನೂ ಅದಲುಬದಲು ಮಾಡಬೇಡಿ ಅಂತ 2022ರಲ್ಲಿ ಆಯುಷ್ ಸಚಿವಾಲಯವೇ ಎಚ್ಚರಿಸಿತು. ಕ್ರಿಸ್ಪದ ಕಾಂಡ ಬೂದು ಬಣ್ಣ, ಮೈತುಂಬ ನರಹುಲಿಯಂಥ ಉಬ್ಬುಗಳು, ಮುರಿದರೆ ಹಾಲಿನಂಥ ರಸ. ಹೂವಿನಲ್ಲಿ 3 ದಳ, ಅಮೃತಬಳ್ಳಿಯಲ್ಲಿ 6. ಹಣ್ಣು ನೋಡಿಯೇ ಗುರುತಿಸುತ್ತೇನೆ ಅಂತ ಮಾತ್ರ ಕಾಯಬೇಡಿ. ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆಬೇರೆ. ಗಂಡು ಬಳ್ಳಿ ಎಂದೂ ಹಣ್ಣು ಬಿಡುವುದಿಲ್ಲ.

ಅಮೃತಬಳ್ಳಿಯ ಇನ್ನೊಂದು ಗುಣ ನನಗೆ ತುಂಬ ಇಷ್ಟ. ತೋರಣಗಲ್ಲಿನ ಹತ್ತಿರ ಹೊಲದ ಬದುವಿನ ಬೇವಿನ ಮರದಲ್ಲಿ ಒಂದು ಅಮೃತಬಳ್ಳಿ ಇತ್ತು. ಯಾರೋ ಬುಡ ಕತ್ತರಿಸಿದ್ದರು. ಸತ್ತೇಹೋಯಿತು ಅಂದುಕೊಂಡಿದ್ದೆ. ಮುಂಗಾರು ಬಂದ ಮೇಲೆ ಹೋಗಿ ನೋಡಿದರೆ ಕೊಂಬೆಯಿಂದ ದಾರದಂಥ ಬೇರುಗಳು ಇಳಿಬಿದ್ದಿದ್ದವು. ಒಂದು ಆಗಲೇ ನೆಲ ಮುಟ್ಟಿತ್ತು.